ಶಹಾಬಾದಿನ ಪರಸಿ, ಬೀದರಿನ ಬಿದ್ರಿ: ನರವೈವಿಧ್ಯದ ಯುವಜನರ ಶಿಬಿರವೊಂದರ ವಿಮರ್ಶೆ

ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ), ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಮೊದಲಾದ ನರವೈವಿಧ್ಯವುಳ್ಳ, ಅಂದರೆ ಮಿದುಳು ಗ್ರಹಿಸುವ ರೀತಿಯೇ ಬೇರೆಯಾಗಿರುವ, ಹದಿಹರೆಯದವರನ್ನೂ ಯುವಕ ಯುವತಿಯರನ್ನೂ ನಮ್ಮ ಭಾಗದ ಹಳೆಯ ಕೈಗಾರಿಕೆಗಳ ನಡುವೆ ಕರೆದೊಯ್ದು, ಅಲ್ಲಿ ಕಂಡದ್ದು, ಕೇಳಿದ್ದು, ಮುಟ್ಟಿದ್ದರಿಂದ ಚಿತ್ರ, ಅಚ್ಚು, ಧ್ವನಿಮುದ್ರಣ ಮತ್ತು ಲೋಹದ ಕೆಲಸ ಮಾಡಿಸುವ ಶಿಬಿರವೊಂದು ಕಳೆದ ಚಳಿಗಾಲದಲ್ಲಿ ಕಲಬುರಗಿಯಲ್ಲಿ ನಡೆಯಿತು. ಒಬ್ಬ ಚಿತ್ರಕಲಾ ಶಿಕ್ಷಕರು, ಒಬ್ಬ ವಿಶೇಷ ಶಿಕ್ಷಕಿ ಮತ್ತು ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಸೇರಿ ಕಟ್ಟಿಕೊಂಡಿರುವ ಚಿಕ್ಕ ತಂಡ ಇದನ್ನು ನಡೆಸುತ್ತದೆ. ಭಾನುವಾರಗಳಂದು ಮಾತ್ರ ಸೇರುವ ಈ ಶಿಬಿರಕ್ಕೆ ಆಟಿಸಂ ಇರುವ ನನ್ನ ತಂಗಿಯ ಮಗನನ್ನು ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಮನೆಯವರೊಬ್ಬರು ಜೊತೆಗಿರಲೇಬೇಕೆಂಬ ನಿಯಮವಿದ್ದುದರಿಂದ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡುವುದು ಸಾಧ್ಯವಾಯಿತು. ಮೆಚ್ಚಿಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ತಂಡದ ಹೆಸರನ್ನು ಬರೆಯುತ್ತಿಲ್ಲ. ಇಂಥ ಶಿಬಿರಕ್ಕೆ ಮಕ್ಕಳನ್ನು ಸೇರಿಸುವ ಮುನ್ನ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದೇ ಇಲ್ಲಿ ಮುಖ್ಯ.

ವಿಶೇಷ ಮಕ್ಕಳ ಶಿಬಿರ ಎಂದರೆ ನಮ್ಮ ಊರುಗಳಲ್ಲಿ ಒಂದು ಸಿದ್ಧ ಮಾದರಿಯಿದೆ: ಬಣ್ಣದ ಕಾಗದ, ಜೇಡಿಮಣ್ಣು, ಒಂದು ಸಮೂಹಗೀತೆ, ಕೊನೆಗೆ ಬಿಸ್ಕತ್ತು ಮತ್ತು ಪ್ರಮಾಣಪತ್ರ. ಹತ್ತೊಂಬತ್ತರ ಯುವಕನಿಗೂ ಐದು ವರ್ಷದ ಮಗುವಿನ ಚಟುವಟಿಕೆಯನ್ನೇ ಕೊಡುವ ಆ ಮಾದರಿಯನ್ನು ಬಿಟ್ಟು ಬಂದಿರುವುದೇ ಈ ಶಿಬಿರದ ಮೊದಲ ಗುಣ. ಇದರ ಹಿಂದಿರುವ ವಿಚಾರ ಸರಳವಾದರೂ ನಾನು ಬೇರೆಡೆ ಕಾಣದಂಥದ್ದು. ಕೈಗಾರಿಕೆ ನಡೆಯುವುದೇ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಿಂದ, ಎಳ್ಳಷ್ಟೂ ತಪ್ಪದ ಅಳತೆಯಿಂದ, ನಿಮಿಷಕ್ಕೆ ನಿಮಿಷ ಹೊಂದುವ ವೇಳಾಪಟ್ಟಿಯಿಂದ, ಯಂತ್ರದ ಅಥವಾ ಸುತ್ತಿಗೆಯ ಸದ್ದು ಎಲ್ಲಿ ಬದಲಾಯಿತೆಂದು ಕಿವಿಯಿಂದಲೇ ಹಿಡಿಯುವ ಅನುಭವದಿಂದ. ಒಂದೇ ಸದ್ದನ್ನು ನೂರು ಸಲ ಕೇಳಬಯಸುವ, ರೈಲಿನ ವೇಳೆಯನ್ನು ಬಾಯಿಪಾಠ ಒಪ್ಪಿಸುವ, ಗೋಡೆಯನ್ನು ಬೆರಳಿನಿಂದ ಸವರುತ್ತ ನಿಂತುಬಿಡುವ ಹುಡುಗರಿಗೆ 'ಹಾಗೆ ಮಾಡಬೇಡ' ಎಂದು ಹೇಳುವುದೇ ಮನೆಯಲ್ಲೂ ಶಾಲೆಯಲ್ಲೂ ರೂಢಿ. ಈ ತಂಡದವರು ಆ ಗಮನವನ್ನೇ ಹಳೆಯ ಕಸುಬುಗಳನ್ನು ಅರಿಯುವ ಸಾಧನವಾಗಿ ಬಳಸಿಕೊಳ್ಳಲು ಯತ್ನಿಸಿದ್ದಾರೆ. ಎಲ್ಲ ಕಡೆಯೂ ಗೆದ್ದಿಲ್ಲ. ಗೆದ್ದ ಕಡೆ ಚೆನ್ನಾಗಿಯೇ ಗೆದ್ದಿದ್ದಾರೆ.

ಶಿಬಿರದ ಅತ್ಯುತ್ತಮ ಭಾಗ ಶಹಾಬಾದಿನದು. ಪರಸಿಯೆಂದರೆ ಚಪ್ಪಡಿ ಕಲ್ಲು. ನಮ್ಮ ಜಿಲ್ಲೆಯಲ್ಲಿ ನೆಲಕ್ಕೆ ಪರಸಿ, ಬಚ್ಚಲಿಗೆ ಪರಸಿ, ಕಟ್ಟೆಗೆ ಪರಸಿ, ಎಷ್ಟೋ ಮನೆಗಳಲ್ಲಿ ಮಾಳಿಗೆಗೂ ಪರಸಿ. ಆದರೂ ಅದು ಎಲ್ಲಿಂದ, ಹೇಗೆ ಬರುತ್ತದೆಂದು ಮಕ್ಕಳು ಕೇಳುವುದಿಲ್ಲ, ನಾವು ಹೇಳುವುದೂ ಇಲ್ಲ. ಭೀಮಾ ಮತ್ತು ಕಾಗಿಣಾ ಹರಿಯುವ ಈ ಸೀಮೆಯ ಅಡಿಯಲ್ಲಿರುವುದು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಪದರಗಳ ನಡುವಿನ ಸಂದಿಗೆ ಉಳಿಯಿಟ್ಟು ಹದವರಿತು ಬಡಿದರೆ ಅದು ಹಲಗೆ ಹಲಗೆಯಾಗಿ ಬಿಚ್ಚಿಕೊಳ್ಳುತ್ತದೆ, ಗರಗಸದ ಹಂಗಿಲ್ಲದೆಯೇ ನೆಲಹಾಸು ಸಿದ್ಧವಾಗುತ್ತದೆ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರನ್ನು ತಲುಪಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿಕೊಂಡಿತು. ಆ ಮಾರ್ಗದಲ್ಲೇ ಇರುವ ಶಹಾಬಾದಿನ ಕಲ್ಲಿಗೆ ದೂರದ ಊರುಗಳ ದಾರಿ ತೆರೆದುಕೊಂಡು, ಊರಿನ ಹೆಸರೇ ಕಲ್ಲಿನ ಹೆಸರಾಗಿ ನಿಂತಿತು. ಕಲ್ಲಿನ ಕಸುಬು ಮಾತ್ರ ರೈಲಿಗಿಂತ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪಕ್ಕೆ ಶಿಲ್ಪ ಕೆತ್ತಿದವರು ಈ ಸೀಮೆಯ ಸುಣ್ಣಕಲ್ಲನ್ನೇ ಬಳಸಿದ್ದರು. 'ರಾಯೋ ಅಸೋಕೋ' ಎಂಬ ಬ್ರಾಹ್ಮಿ ಬರಹವಿರುವ ಅಶೋಕನ ಶಿಲ್ಪ ದೊರೆತದ್ದೂ ಅಲ್ಲಿಯೇ.

ಈ ವಿವರಗಳನ್ನು ತಂಡದವರು ಉಪನ್ಯಾಸವಾಗಿ ಹೇಳಲಿಲ್ಲವೆಂಬುದನ್ನು ಮೆಚ್ಚಬೇಕು. ಒಂದೊಂದು ಸಂಗತಿಗೆ ಒಂದೊಂದು ಚಿತ್ರದ ಕಾರ್ಡು ಮಾಡಿ, ಬೇಕಾದವರು ಬೇಕಾದಾಗ ಎತ್ತಿ ನೋಡಲೆಂದು ಕಲ್ಲಿನ ಅಡ್ಡೆಯ ಕಟ್ಟೆಯ ಮೇಲೆ ಹರವಿ ಇಟ್ಟಿದ್ದರು. ಡಿಸ್ಲೆಕ್ಸಿಯಾ ಇರುವ ಒಬ್ಬ ಹುಡುಗಿ ಬರಹವನ್ನು ಬಿಟ್ಟು ಚಿತ್ರಗಳನ್ನಷ್ಟೇ ಕಾಲಾನುಕ್ರಮದಲ್ಲಿ ಜೋಡಿಸಿ, ಸ್ತೂಪದಿಂದ ರೈಲಿನವರೆಗಿನ ಕಥೆಯನ್ನು ತನ್ನ ಅಜ್ಜಿಗೆ ಹೇಳಿದ್ದನ್ನು ಪಕ್ಕದಲ್ಲೇ ಕುಳಿತು ಕೇಳಿದೆ. ಬಹಳಷ್ಟು ಪದವೀಧರರು ಅಷ್ಟು ಸ್ಪಷ್ಟವಾಗಿ ಹೇಳಲಾರರು.

ಕೆಲಸ ನಡೆಯುತ್ತಿರುವ ಖಣಿಯೊಳಗೆ ಮಕ್ಕಳನ್ನು ಇಳಿಸಲಿಲ್ಲ. ಅದು ಸರಿಯಾದ ನಿರ್ಧಾರ. ಬಳಸಿ ಬಿಟ್ಟ ಖಣಿಗಳಲ್ಲಿ ನೀರು ನಿಂತಿರುತ್ತದೆ ಮತ್ತು ಅಂಚು ಯಾವಾಗಲೂ ಗಟ್ಟಿಯಿರುವುದಿಲ್ಲವಾದ್ದರಿಂದ ಅವುಗಳ ಹತ್ತಿರವೂ ಸುಳಿಯಲಿಲ್ಲ. ರಸ್ತೆಬದಿಯ ಅಡ್ಡೆಯೊಂದರಲ್ಲಿ ಪರಸಿಯ ಅಂಚು ತೆಗೆಯುವ ಹಿರಿಯ ಕೆಲಸಗಾರರೊಬ್ಬರ ಮುಂದೆ ಮಕ್ಕಳನ್ನು ಕೂರಿಸಿದರು. ಆ ಹಿರಿಯರು ಒಂದೊಂದು ಕಲ್ಲನ್ನೂ ನಿಲ್ಲಿಸಿ ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತಾರೆ. ಗಟ್ಟಿಯಾದ ಕಲ್ಲು ಠಣ್ಣೆಂದು ಅನುರಣಿಸುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಮೊದ್ದಾಗಿ ಅಲ್ಲೇ ಸಾಯುತ್ತದೆ. ಮೊದಲ ಕೆಲವು ಕಲ್ಲುಗಳವರೆಗೆ ನನ್ನ ಅಳಿಯ ಬೇರೆಲ್ಲೋ ನೋಡುತ್ತಿದ್ದಂತೆ ಕಾಣುತ್ತಿದ್ದ. ಆಮೇಲೆ, ಹಿರಿಯರು ಬಾಯಿ ತೆರೆಯುವ ಮುನ್ನವೇ, 'ಮಾಮಾ, ಇದು ಒಡದದ' ಎಂದ. ಮುಂದಿನದಕ್ಕೆ 'ಇದು ಒಡದಿಲ್ಲ' ಎಂದ. ಅವನ ಮಾತು ಸಾಲಾಗಿ ಸರಿಹೋಗುತ್ತ ಹೋದಾಗ ಹಿರಿಯರು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟು, 'ಈ ಹುಡುಗನ ಕಿವಿ ಖರೇನ ಚಲೋ ಅದ ನೋಡ್ರಿ. ಇದು ತಿಳೀಲಿಕ್ಕೆ ನಮಗ ವರ್ಷಗಟ್ಲೆ ಹಿಡದದ' ಎಂದರು. ಮನೆಯಲ್ಲಿ ಕುಕ್ಕರಿನ ಸೀಟಿಗೆ ಕಿವಿ ಮುಚ್ಚಿಕೊಳ್ಳುವ ಹುಡುಗನಿಗೆ ಸದ್ದಿನ ಮೇಲೆ ಇಂಥ ಹಿಡಿತವಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಿವಿ ಸೂಕ್ಷ್ಮವಾಗಿರುವುದರಿಂದಲೇ ಆ ಎರಡೂ ನಡೆಯುತ್ತವೆಂದು ವಿಶೇಷ ಶಿಕ್ಷಕಿ ಅಲ್ಲಿಯೇ ವಿವರಿಸಿದರು.

ಸದ್ದಿನ ನಂತರ ಮುಟ್ಟುವ ಕೆಲಸ. ತೆಳುವಾದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಅದರ ಮೇಲೆ ಮೇಣದ ಬಣ್ಣದ ಕಡ್ಡಿಯನ್ನು ಅಡ್ಡಲಾಗಿ ಉಜ್ಜಿ, ಕಲ್ಲಿನ ಮೈಯನ್ನು ಕಾಗದಕ್ಕೆ ಇಳಿಸಿಕೊಳ್ಳುವ ಸುಲಭದ ವಿಧಾನವದು. ಒಡೆದ ಮೈ, ಉಳಿಯ ಗೆರೆ ಬಿದ್ದ ಅಂಚು, ಪಾಲಿಶ್ ಆದ ಮೈ, ಮಳೆಗೆ ಸವೆದ ಹಳೆಯ ಮೆಟ್ಟಿಲು, ಹೀಗೆ ಒಂದೇ ಕಲ್ಲಿನ ಬೇರೆ ಬೇರೆ ಅವಸ್ಥೆಗಳು ಕಾಗದದ ಮೇಲೆ ಬಂದವು. ಎಡಿಎಚ್‌ಡಿ ಇರುವ ಒಬ್ಬ ಹುಡುಗ ಒಂದೆಡೆ ಕೂರಲಾರದೆ ಅಡ್ಡೆಯ ತುಂಬ ಓಡಾಡಿ ಎಲ್ಲರಿಗಿಂತ ಹೆಚ್ಚು ಬಗೆಯ ಅಚ್ಚುಗಳನ್ನು ತಂದ. ಓಡಾಟವೇ ಆ ಕೆಲಸದ ಭಾಗವಾಗಿದ್ದುದರಿಂದ ಅವನನ್ನು ಗದರುವ ಪ್ರಸಂಗ ಬರಲಿಲ್ಲ. ಕಾಗದ ಮುಟ್ಟಿದರೆ ಮೈ ಜುಮ್ಮೆನ್ನುವ ಒಬ್ಬ ಯುವತಿಗೆ ಹತ್ತಿಯ ಬಟ್ಟೆ ಕೊಟ್ಟಿದ್ದರು. ಇಂಥ ಸಣ್ಣ ತಯಾರಿಯಲ್ಲಿ ತಂಡದ ಅನುಭವ ಕಾಣುತ್ತದೆ.

ಅದೇ ದಿನ ಮಧ್ಯಾಹ್ನ ಪಾಲಿಶ್ ಘಟಕವೊಂದಕ್ಕೆ ಕರೆದೊಯ್ದದ್ದು ಮಾತ್ರ ಅವಸರದ ಕೆಲಸವಾಯಿತು. ಯಂತ್ರದ ಕರ್ಕಶ ಸದ್ದಿಗೆ ಮಕ್ಕಳನ್ನು ಮೊದಲೇ ಸಿದ್ಧಪಡಿಸಿರಲಿಲ್ಲ. ಕಿವಿಗೆ ಹಾಕುವ ಸದ್ದುತಡೆ ಸಾಧನಗಳು ಎಲ್ಲರಿಗೂ ಸಾಲಲಿಲ್ಲ, ಇಬ್ಬರು ಮಕ್ಕಳು ಅಳುತ್ತ ಹೊರಗೆ ಬಂದರು. ಇನ್ನೊಂದು ಕೊರತೆ ಇದಕ್ಕಿಂತ ಆಳವಾದದ್ದು. ಮೂಗಿಗೆ ಏನನ್ನೂ ಕಟ್ಟಿಕೊಳ್ಳದೆ ಬಿಳಿ ಪುಡಿಯ ನಡುವೆ ಕೆಲಸ ಮಾಡುತ್ತಿದ್ದವರನ್ನು ನೋಡಿ ಒಬ್ಬ ಹುಡುಗ, 'ನಮಗೆ ಮಾಸ್ಕ್ ಕೊಟ್ಟಿದ್ದೀರಿ, ಅವರಿಗೆ ಯಾಕಿಲ್ಲ?' ಎಂದು ಕೇಳಿದ. ಸುತ್ತಿ ಬಳಸದೆ ಕೇಳುವುದು ಇಂಥ ಮಕ್ಕಳ ಸ್ವಭಾವ, ಮತ್ತು ಆ ಕ್ಷಣಕ್ಕೆ ಅದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿರಲಿಲ್ಲ. ತಂಡದವರು ನಕ್ಕು ಮುಂದೆ ಹೋದರು. ಕೈಗಾರಿಕೆಯ ಪರಂಪರೆಯೆಂದರೆ ಹಳೆಯ ಕಲ್ಲು, ಹಳೆಯ ಯಂತ್ರ, ಹಳೆಯ ಕೌಶಲ ಮಾತ್ರವಲ್ಲ, ಆ ಕೆಲಸದಲ್ಲಿ ಸವೆದ ಎದೆಗೂಡು ಮತ್ತು ಬೆನ್ನು ಕೂಡ ಅದರೊಳಗೇ ಇವೆ ಎಂಬುದನ್ನು ಶಿಬಿರದ ಯೋಜನೆ ಒಳಗೊಂಡಿಲ್ಲ. ಕಲ್ಲು ತಟ್ಟಿ ತೋರಿಸಿದ ಹಿರಿಯರಿಗೆ ಅವರ ಒಂದು ದಿನದ ಕೂಲಿಗಿಂತ ಹೆಚ್ಚನ್ನೇ ಕೊಟ್ಟರೆಂಬುದನ್ನು ಕೇಳಿ ತಿಳಿದುಕೊಂಡೆ. ಅಷ್ಟರ ಮಟ್ಟಿಗೆ ಸಮಾಧಾನ.

ಸಿಮೆಂಟಿನ ಭಾಗ ಬಸ್ಸಿನ ಕಿಟಕಿಯಲ್ಲೇ ಮುಗಿಯಿತು. ವಾಡಿಯ ಎಸಿಸಿ ಕಾರ್ಖಾನೆಯ ಗೋಪುರಗಳನ್ನು ದೂರದಿಂದ ತೋರಿಸಿ, ಇದೇ ಸುಣ್ಣಕಲ್ಲನ್ನು ಪುಡಿಮಾಡಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳನ್ನು ಮಾಡುತ್ತಾರೆ, ಆಮೇಲೆ ಜಿಪ್ಸಂ ಸೇರಿಸಿ ಅರೆಯುತ್ತಾರೆ ಎಂದು ಹೇಳಿದರು. ಒಳಗೆ ಹೋಗುವ ಅನುಮತಿ ಇಂಥ ಗುಂಪಿಗೆ ಸುಲಭವಾಗಿ ಸಿಗುವಂಥದ್ದಲ್ಲ, ಆದ್ದರಿಂದ ಆ ಬಗ್ಗೆ ತಕರಾರಿಲ್ಲ.

ಎಂಎಸ್‌ಕೆ ಮಿಲ್ಲಿನ ಭಾನುವಾರದ ಬಗ್ಗೆ ತಕರಾರಿದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಆರಂಭವಾದ ಆ ಬಟ್ಟೆ ಗಿರಣಿ ಕಲಬುರಗಿಯ ಕೈಗಾರಿಕೆಯ ಚರಿತ್ರೆಯಲ್ಲಿ ಮೊದಲ ಪುಟದಲ್ಲಿ ಬರಬೇಕಾದದ್ದು. ಗಿರಣಿ ನಿಂತುಹೋಗಿ ಎಷ್ಟೋ ವರ್ಷಗಳಾಗಿದ್ದರೂ ಎಂಎಸ್‌ಕೆ ಮಿಲ್ ಎಂಬ ಹೆಸರು ಬಡಾವಣೆಗೆ ಉಳಿದಿದೆ, ಬಸ್ಸಿನವರ ಬಾಯಲ್ಲಿದೆ, ಅಂಗಡಿಗಳ ಫಲಕದ ಮೇಲಿದೆ. ಆದರೆ ನೋಡಲು ಮುಟ್ಟಲು ಏನೂ ಸಿಗದ ಜಾಗದಲ್ಲಿ ತಂಡದವರಿಗೆ ತಮ್ಮದೇ ವಿಧಾನ ಮರೆತುಹೋಯಿತು. ಶಾಲೆಯ ಹಾಲ್‌ನಲ್ಲಿ ಕೂರಿಸಿ, ಪರದೆಯ ಮೇಲೆ ಸ್ಲೈಡು ತೋರಿಸಿ, ಒಂದು ತಾಸಿಗೂ ಹೆಚ್ಚು ಹೊತ್ತು ಮಾತಾಡಿದರು. ಅರ್ಧ ತಾಸಿನೊಳಗೆ ಹೆಚ್ಚಿನವರು ಎದ್ದುಹೋಗಿದ್ದರು. ಗಿರಣಿಯಲ್ಲಿ ದುಡಿದವರ ಮನೆಗಳು ಊರಿನಲ್ಲಿ ಇನ್ನೂ ಇವೆ. ಪಾಳಿ ಬದಲಾಗುವಾಗ ಕೂಗುತ್ತಿದ್ದ ಭೋಂಗಾದ ಸದ್ದನ್ನು ಬಾಯಿಂದಲೇ ಅನುಕರಿಸಿ ತೋರಿಸಬಲ್ಲ ಒಬ್ಬ ಅಜ್ಜನನ್ನು ಕರೆತಂದಿದ್ದರೆ, ನೂಲಿನ ಒಂದು ಲಡಿಯನ್ನು ಕೈಗೆ ಕೊಟ್ಟು ಬಿಚ್ಚಿಸಿದ್ದರೆ, ಅಥವಾ ಒಂದು ಕೈಮಗ್ಗದ ಮುಂದೆ ಕೂರಿಸಿ ಲಾಳಿಯ ಓಡಾಟ ನೋಡಲು ಬಿಟ್ಟಿದ್ದರೂ ಆ ದಿನ ಬೇರೆಯೇ ಆಗುತ್ತಿತ್ತು.

ಬೀದರಿಗೆ ಹೋದದ್ದು ರೈಲಿನಲ್ಲಿ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಲಬುರಗಿ–ಬೀದರ್ ಮಾರ್ಗ ಸುಮಾರು 110 ಕಿಲೋಮೀಟರ್ ಉದ್ದದ್ದು. ನಿವೃತ್ತ ರೈಲ್ವೆ ನೌಕರರು ಇಲ್ಲಿ ಮಿಂಚಿದರು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಓಡತೊಡಗಿದ್ದನ್ನು, ವಾಡಿ ಜಂಕ್ಷನ್ ಆದದ್ದನ್ನು, ಬೀದರ್ ಮತ್ತು ಕಲಬುರಗಿಗಳ ನಡುವೆ ನೇರ ಹಳಿ ಬರಲು ಅಲ್ಲಿಂದ ಮುಂದೆ ಒಂದೂವರೆ ಶತಮಾನದಷ್ಟು ಕಾಲ ಹಿಡಿದದ್ದನ್ನು ಅವರು ನಿಲ್ದಾಣ ನಿಲ್ದಾಣಕ್ಕೂ ಒಂದೊಂದು ಮಾತಿನಂತೆ ಹೇಳಿದರು. ಪ್ರತಿ ಮಗುವಿಗೂ ಖಾಲಿ ವೇಳಾಪಟ್ಟಿ ಕೊಟ್ಟು, ರೈಲು ನಿಂತ ನಿಮಿಷ ಮತ್ತು ಹೊರಟ ನಿಮಿಷವನ್ನು ತುಂಬಲು ಹೇಳಿದ್ದರು. ವೇಳೆ ತಪ್ಪಿದರೆ ಕಳವಳಗೊಳ್ಳುವ ಮಕ್ಕಳಿಗೆ ರೈಲಿನ ವಿಳಂಬವೂ ಬರೆದಿಡುವ ಸಂಗತಿಯಾಯಿತು. ತಡವಾದಷ್ಟೂ ಬರೆಯಲು ಹೆಚ್ಚು ಸಿಕ್ಕಿತೆಂದು ಅವರು ಖುಷಿಪಟ್ಟರು. ನಮ್ಮ ರೈಲುಗಳಿಗೆ ಇದಕ್ಕಿಂತ ಸಹನೆಯ ಪ್ರಯಾಣಿಕರು ಸಿಗಲಾರರು.

ಇಷ್ಟೆಲ್ಲ ತಯಾರಿಯ ನಡುವೆ ಮರಗುತ್ತಿಯ ಸುರಂಗವನ್ನು ಮರೆತಿದ್ದರು. ಒಂದೂವರೆ ಕಿಲೋಮೀಟರಿಗಿಂತ ಉದ್ದದ ಆ ಸುರಂಗದೊಳಗೆ ರೈಲು ಹೊಕ್ಕಾಗ ಬೆಳಕು ಒಮ್ಮೆಲೇ ಹೋಗಿ, ಗಾಲಿಗಳ ಸದ್ದು ಹಲವು ಪಟ್ಟಾಗಿ ಬೋಗಿಯೊಳಗೆ ನುಗ್ಗಿತು. ದಿನದ ಕ್ರಮವನ್ನು ಚಿತ್ರಗಳಲ್ಲಿ ತೋರಿಸುವ ಪಟ್ಟಿಯಲ್ಲಿ ರೈಲಿತ್ತು, ಊಟವಿತ್ತು, ಶೌಚಾಲಯವೂ ಇತ್ತು, ಸುರಂಗವಿರಲಿಲ್ಲ. ಒಬ್ಬ ಯುವಕ ಸೀಟಿನ ಕೆಳಗೆ ಸೇರಿಕೊಂಡು, ಸುರಂಗ ದಾಟಿದ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಮರಳುವಾಗ ಮಾತ್ರ ಮೊದಲೇ ಹೇಳಿ, ಕಿವಿಗೆ ಸಾಧನ ಹಾಕಿ, ಕೈಗೆ ಟಾರ್ಚು ಕೊಟ್ಟು, ಎಷ್ಟು ಸೆಕೆಂಡಿನಲ್ಲಿ ಬೆಳಕು ಬರುತ್ತದೆಂದು ಎಣಿಸುವ ಕೆಲಸ ಹಚ್ಚಿದರು. ಆ ಯುವಕನೇ ಎಲ್ಲರಿಗಿಂತ ಗಟ್ಟಿಯಾಗಿ ಎಣಿಸಿದ. ತಪ್ಪನ್ನು ಅದೇ ದಿನ ತಿದ್ದಿಕೊಂಡ ತಂಡದ ಬಗ್ಗೆ ಗೌರವವಿದೆ. ಹಾಗೆಂದು ಬೆಳಗಿನ ಆ ಹೊತ್ತನ್ನು ಅವನ ತಾಯಿ ಮರೆಯಬೇಕೆಂದು ಯಾರೂ ಹೇಳಲಾಗದು.

ಬೀದರಿನಲ್ಲಿ ಲೋಹದೊಳಗೆ ಬೆಳ್ಳಿ ಕೂರಿಸುವ ಬಿದ್ರಿ ಕೆಲಸ ನೋಡಲು ಬಹಳ ಜನ ಹೋಗುತ್ತಾರೆ, ಹೂಜಿಯನ್ನೋ ಡಬ್ಬಿಯನ್ನೋ ಕೊಂಡು ಬರುತ್ತಾರೆ. 15ನೆಯ ಶತಮಾನದಲ್ಲಿ ಬಹಮನಿಯರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ಮೇಲೆ ಅಲ್ಲಿ ಬೆಳೆದ ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ; ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟಿದ್ದೇವೆ. ಆದರೆ ಅಂಗಡಿಯಲ್ಲಿ ಸಿದ್ಧ ವಸ್ತುವನ್ನು ನೋಡುವುದಕ್ಕೂ ಕಾರ್ಖಾನೆಯ ನೆಲದ ಮೇಲೆ ಕುಳಿತು ಒಂದೊಂದು ಹಂತವನ್ನು ಆಗುತ್ತಿರುವಂತೆ ನೋಡುವುದಕ್ಕೂ ಬಹಳ ಅಂತರವಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಸಾಮಾನ್ಯವಾಗಿ ಹದಿನಾರು ಪಾಲಿಗೆ ಒಂದು ಪಾಲಿನ ಲೆಕ್ಕದಲ್ಲಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಮೈಯನ್ನು ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ ಹೂವುಗಳ ಗೆರೆ ಎಳೆಯುತ್ತಾರೆ. ಗೆರೆಯ ಗುಂಟ ಚಾಣದಿಂದ ಸಣ್ಣ ಕಾಲುವೆ ತೋಡಿ, ಅದರೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಮತ್ತೆ ಅರ, ಮತ್ತೆ ನಯ. ಈ ಹಂತದಲ್ಲಿ ಲೋಹವೂ ಬೆಳ್ಳಿಯೂ ಒಂದೇ ಬೂದು ಬಣ್ಣದಲ್ಲಿದ್ದು, ಇಷ್ಟು ಹೊತ್ತು ಮಾಡಿದ ಚಿತ್ತಾರ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ.

ಕೊನೆಯ ಹಂತವನ್ನು ಅಲ್ಲಿನ ಮುಖ್ಯ ಕುಶಲಕರ್ಮಿಯಾದ ಉಸ್ತಾದರು ಮಾತಿಲ್ಲದೆ ಮಾಡಿ ತೋರಿಸಿದರು. ಕೋಟೆಯೊಳಗೆ ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣಿಗೆ ನವಸಾಗರ ಬೆರೆಸಿ, ಮೆಲ್ಲಗೆ ಕಾಯಿಸಿದ ವಸ್ತುವಿನ ಮೇಲೆ ಆ ಮಿಶ್ರಣವನ್ನು ಉಜ್ಜಿ, ತೊಳೆದು ಎತ್ತಿದಾಗ ಸತುವಿನ ಮೈ ಕಡುಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮಕ್ಕಳ ಗುಂಪಿನಲ್ಲಿ ಹುಟ್ಟಿದ ಕೂಗಾಟ ಕೇಳಿ ಪಕ್ಕದ ಅಂಗಡಿಯವರು ಬಂದು ಇಣುಕಿದರು. ಮತ್ತೊಂದು ಸಲ ಮಾಡಬೇಕೆಂದು ಒಬ್ಬ ಹುಡುಗ ಹಟ ಹಿಡಿದ. ಉಸ್ತಾದರು ಬೇಸರವಿಲ್ಲದೆ ಇನ್ನೊಂದು ಚಿಕ್ಕ ಬಿಲ್ಲೆಯನ್ನು ತೆಗೆದುಕೊಂಡರು, ಆಮೇಲೆ ಮೂರನೆಯದನ್ನೂ. ಒಂದೇ ಕೆಲಸವನ್ನು ಜೀವಮಾನವಿಡೀ ಮಾಡಿದವರಿಗೆ 'ಮತ್ತೊಮ್ಮೆ' ಎನ್ನುವ ಹುಡುಗ ವಿಚಿತ್ರವಾಗಿ ಕಾಣಲೇ ಇಲ್ಲ.

ಮಣ್ಣು ಕೆಲಸಕ್ಕೆ ಬರುತ್ತದೆಯೇ ಎಂದು ಕುಶಲಕರ್ಮಿಗಳು ನಾಲಿಗೆಯ ತುದಿಗೆ ಇಟ್ಟು ನೋಡುವ ರೂಢಿಯಿದೆ. ಅದನ್ನು ತೋರಿಸಿದಾಗ ವಿಶೇಷ ಶಿಕ್ಷಕಿಯ ಮುಖ ಬಾಡಿತು, ಏಕೆಂದರೆ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಅಭ್ಯಾಸವನ್ನು ಬಿಡಿಸಲು ಹೆಣಗುತ್ತಿರುವ ತಾಯಂದಿರು ಅಲ್ಲೇ ಇದ್ದರು. ತಂಡದವರು ಕೂಡಲೇ ಬಟ್ಟಲುಗಳಲ್ಲಿ ಹುಣಸೆ, ಉಪ್ಪು, ಬೆಲ್ಲ, ಬೇವು ತಂದಿಟ್ಟು, ಕಣ್ಣು ಮುಚ್ಚಿ ರುಚಿಯಿಂದ ಗುರುತಿಸುವ ಆಟವನ್ನು ಆಡಿಸಿದರು. ಮಣ್ಣಿನ ಪರೀಕ್ಷೆ ಉಸ್ತಾದರ ನಾಲಿಗೆಗೇ ಉಳಿಯಿತು. ಎರಕದ ಕುಲುಮೆಯ ಹತ್ತಿರ ಯಾರನ್ನೂ ಬಿಡಲಿಲ್ಲ. ನವಸಾಗರದ ಘಾಟು ಕೆಲವರಿಗೆ ತಡೆಯಲಾಗಲಿಲ್ಲವಾದರೂ ಬಾಗಿಲ ಹೊರಗೆ ಚಾಪೆ ಹಾಸಿದ್ದರಿಂದ ಅವರು ಅಲ್ಲಿ ಕುಳಿತು ಅಲ್ಯುಮಿನಿಯಂ ತಗಡಿನ ಮೇಲೆ ಗೆರೆ ಎಳೆದರು. ಪ್ರತಿಯೊಬ್ಬರಿಗೂ ಅಂಗೈಗಿಂತ ಚಿಕ್ಕದಾದ, ಕಾಲುವೆ ತೋಡಿಟ್ಟ ಒಂದು ಬಿಲ್ಲೆ ಕೊಟ್ಟು ತುಸು ಬೆಳ್ಳಿ ತಂತಿಯನ್ನು ಕೂರಿಸಲು ಬಿಟ್ಟದ್ದು ಈ ಶಿಬಿರದ ಅತ್ಯಂತ ಧಾರಾಳದ ನಿರ್ಧಾರ. ಬೆಳ್ಳಿಯ ಬೆಲೆ ಎಲ್ಲರಿಗೂ ಗೊತ್ತು. ಅದನ್ನು ಈ ಮಕ್ಕಳ ಕೈಗೆ ನಂಬಿ ಕೊಡುವವರು ಬಹಳ ಇಲ್ಲ.

ಭಾಷೆಯ ವಿಷಯದಲ್ಲಿ ಮುಂದಿನ ಸಲಕ್ಕೆ ಒಂದು ಎಚ್ಚರ ಬೇಕು. ಉಸ್ತಾದರ ದಖನಿ ಉರ್ದು, ಶಿಕ್ಷಕಿಯ ಪುಸ್ತಕದ ಕನ್ನಡ, ಜೊತೆಗೆ ಬಂದವರ ನಡುನಡುವಿನ ಇಂಗ್ಲಿಷ್ ಆಜ್ಞೆಗಳು ಒಟ್ಟಿಗೆ ಬಿದ್ದಾಗ, ಮಾತನ್ನು ಗ್ರಹಿಸಲು ಹೊತ್ತು ಬೇಕಾದ ಮಕ್ಕಳು ಗೊಂದಲಗೊಂಡರು. ಉಸ್ತಾದರು ಸುಮ್ಮನೆ ಮಾಡಿ ತೋರಿಸಿದಾಗಲೆಲ್ಲ ಕೆಲಸ ಸರಾಗವಾಗಿ ಸಾಗಿತು. ಪಾಲಕರಾದ ನಾವು ಬಾಯಿ ಮುಚ್ಚಿಕೊಂಡಿರಬೇಕೆಂದು ನಿಯಮ ಮಾಡಿದರೂ ತಪ್ಪಿಲ್ಲ.

ಸಮಾರೋಪದ ಪ್ರದರ್ಶನ ಈ ಎಲ್ಲ ಸೂಕ್ಷ್ಮತೆಗೆ ವಿರುದ್ಧವಾಗಿ ನಡೆಯಿತು. ಕಲ್ಲಿನ ಅಚ್ಚುಗಳನ್ನು ಬೆಸೆದು ಮಾಡಿದ ದೊಡ್ಡ ನಕ್ಷೆ, ಕಲ್ಲು ತಟ್ಟಿದ ಸದ್ದು ಮತ್ತು ರೈಲಿನ ಸದ್ದುಗಳನ್ನು ಮೊಬೈಲಿನಲ್ಲಿ ಹಿಡಿದು ಜೋಡಿಸಿದ ಧ್ವನಿಪಟ್ಟಿ, ಬಿದ್ರಿಯ ಬಿಲ್ಲೆಗಳು, ತುಂಬಿದ ವೇಳಾಪಟ್ಟಿಗಳು, ಇವೆಲ್ಲ ಯಾವ ಊರಿನ ಕಲಾ ಪ್ರದರ್ಶನದಲ್ಲೂ ತಲೆಯೆತ್ತಿ ನಿಲ್ಲುವಂಥವು. ಆದರೆ ಅವುಗಳ ಮುಂದೆ ಒಂದು ವೇದಿಕೆ, ಕಿವಿ ಕೊರೆಯುವ ಮೈಕು, ದೀಪ ಬೆಳಗುವಿಕೆ, ಸಾಲಾಗಿ ಶಾಲು ಹಾರ, ಒಬ್ಬರಾದ ಮೇಲೆ ಒಬ್ಬರ ಭಾಷಣ. ಭಾಷಣಗಳಲ್ಲಿ 'ದೇವರ ಮಕ್ಕಳು' ಎಂಬ ಮಾತು ಎಷ್ಟು ಸಲ ಬಂತೆಂದು ಎಣಿಸುವುದನ್ನು ಬಿಟ್ಟೆ. ಧ್ವನಿಪಟ್ಟಿಯನ್ನು ಮೈಕಿನ ಗದ್ದಲದಲ್ಲಿ ಯಾರೂ ಕೇಳಲಿಲ್ಲ. ಕಲಾವಿದರಲ್ಲಿ ಅರ್ಧ ಜನ ಹೊರಗಿನ ಬೇವಿನ ಮರದ ಕೆಳಗಿದ್ದರು. ದೇಣಿಗೆ ಕೊಟ್ಟವರಿಗೆ ಸನ್ಮಾನ ಮಾಡದಿದ್ದರೆ ಮುಂದಿನ ವರ್ಷ ದೇಣಿಗೆ ಬರುವುದಿಲ್ಲವೆಂಬ ತಂಡದ ಅಡಚಣೆ ಅರ್ಥವಾಗುತ್ತದೆ. ಸನ್ಮಾನವನ್ನು ಬೆಳಿಗ್ಗೆ ಬೇರೆ ಕೋಣೆಯಲ್ಲಿ ಮುಗಿಸಿ, ಮಧ್ಯಾಹ್ನ ಮೈಕಿಲ್ಲದೆ ಪ್ರದರ್ಶನ ತೆರೆದರೆ ಎರಡೂ ನಡೆದೀತು.

ಶುಲ್ಕ ನಮ್ಮ ಊರಿನ ಒಂದು ತಿಂಗಳ ಟ್ಯೂಷನ್ನಿಗಿಂತ ಹೆಚ್ಚಿಲ್ಲ, ಕಟ್ಟಲಾಗದವರಿಗೆ ರಿಯಾಯಿತಿಯೂ ಇದೆ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತಿತ್ತು. ಹಸಿರು ಪಲ್ಯ ಮುಟ್ಟದವರಿಗೆ ಬಿಳಿ ಅನ್ನ ಮೊಸರು ಬೇರೆಯಾಗಿ ಇಡುತ್ತಿದ್ದರು. ವೈದ್ಯಕೀಯ ಪ್ರಮಾಣಪತ್ರ ಕೇಳದಿರುವುದು ಒಳ್ಳೆಯದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅದರಲ್ಲಿವೆ, ಎಡಿಎಚ್‌ಡಿ ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲ. ಪ್ರಮಾಣಪತ್ರವನ್ನೇ ಬಾಗಿಲಾಗಿ ಇಟ್ಟಿದ್ದರೆ ಶಹಾಬಾದಿನ ಅಡ್ಡೆಯ ತುಂಬ ಓಡಾಡಿದ ಆ ಹುಡುಗ ಹೊರಗೇ ಉಳಿಯುತ್ತಿದ್ದ.

ಬಿಟ್ಟುಹೋದ ಒಂದು ಕೈಗಾರಿಕೆಯನ್ನು ಹೇಳಲೇಬೇಕು. ತೊಗರಿಯ ಕಣಜವೆಂದು ಕರೆಸಿಕೊಳ್ಳುವ, ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಜಿಲ್ಲೆಯಲ್ಲಿ ದಾಲ್ ಮಿಲ್ಲುಗಳಿಗೆ ಒಂದು ಭಾನುವಾರವೂ ಇಲ್ಲ. ಸುಗ್ಗಿಯ ನಂತರದ ದಿನಗಳಲ್ಲಿ ಮಿಲ್ಲಿನೊಳಗಿನ ಹೊಟ್ಟಿನ ವಾಸನೆ, ಜರಡಿಯ ಒಂದೇ ಗತಿಯ ಅಲುಗಾಟ, ಇಡೀ ಕಾಳು ಎರಡಾಗಿ ಬೀಳುವ ಪರಿ, ಇವು ಈ ಶಿಬಿರದ ವಿಧಾನಕ್ಕೆ ಹೇಳಿ ಮಾಡಿಸಿದವು, ಮತ್ತು ಇವು ನಿಂತುಹೋದ ಗಿರಣಿಯಂತಲ್ಲದೆ ಇಂದಿಗೂ ನಡೆಯುತ್ತಿರುವವು. ಸಲಹೆಯನ್ನು ತಂಡದವರಿಗೆ ಬರೆದು ಕೊಟ್ಟಿದ್ದೇನೆ, ಮಿಲ್ಲಿನವರ ಒಪ್ಪಿಗೆ ಸಿಕ್ಕರೆ ಎಂಎಸ್‌ಕೆ ಮಿಲ್ಲಿನ ಸ್ಲೈಡುಗಳ ದಿನವನ್ನು ಅರ್ಧ ಮಾಡಿ ಅದನ್ನು ಸೇರಿಸುವುದಾಗಿ ಹೇಳಿದ್ದಾರೆ.

ಇಷ್ಟೆಲ್ಲ ಕೊರತೆಗಳ ನಡುವೆಯೂ ಹದಿನಾಲ್ಕು ದಾಟಿದ ಮಕ್ಕಳಿರುವ ಮನೆಯವರು ಈ ಶಿಬಿರಕ್ಕೆ ಸೇರಿಸಬೇಕೆಂಬುದೇ ನನ್ನ ಅಭಿಪ್ರಾಯ. ಸದ್ದಿಗೆ ತೀರಾ ಸೂಕ್ಷ್ಮವಾಗಿರುವವರು ಪಾಲಿಶ್ ಘಟಕದ ಭೇಟಿಯನ್ನು ಬಿಡಬಹುದು. ಬಿಟ್ಟರೆ ಏನೂ ನಷ್ಟವಿಲ್ಲ. ಕಿವಿಗೆ ಹಾಕುವ ಸಾಧನವನ್ನು ಮನೆಯಿಂದಲೇ ಒಯ್ಯಿರಿ, ದಿನದ ಚಿತ್ರಪಟ್ಟಿಯನ್ನು ಹಿಂದಿನ ದಿನವೇ ಕೇಳಿ ಪಡೆಯಿರಿ, ಅದರಲ್ಲಿ ಸುರಂಗವಿದೆಯೇ ಎಂದು ನೋಡಿರಿ. ಬೇಡಿಕೆ ಹೆಚ್ಚಿದ್ದರಿಂದ ಬೇಸಿಗೆ ರಜೆಯಲ್ಲೂ ಒಂದು ತಂಡವನ್ನು ಕರೆದೊಯ್ಯುವ ಮಾತು ಕೇಳಿಬರುತ್ತಿದೆ. ಆ ತಂಡಕ್ಕೆ ಮಾತ್ರ ಸೇರಿಸಬೇಡಿ: ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಬಿಸಿಲಿನಲ್ಲಿ ಶಹಾಬಾದಿನ ಅಡ್ಡೆಯ ಪರಸಿಯ ಮೇಲೆ ಕಾಗದ ಹಾಸುವುದಿರಲಿ, ಅಂಗೈ ಇಡಲೂ ಆಗುವುದಿಲ್ಲ.